ಗೆರೆ ದಾಟದ ಬಿರುಕು

ನನ್ನದು ಹಳೇ ಮನೆಗಳ ಅಡಿಪಾಯದ ಬಿರುಕು ಮುಚ್ಚುವ ಕೆಲಸ. ನಾನಿರುವ ಈ ಹೊರದೇಶದ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಹಿಮ ಕರಗಿದಾಗ ಕುಸಿಯುತ್ತದೆ, ನಡುವೆ ಸಿಕ್ಕ ಗೋಡೆ ಬಾಯಿ ಬಿಡುತ್ತದೆ. ಗೋಡೆ ಯಾಕೆ ಬಿರಿಯಿತು ಅನ್ನುವುದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಮನೆಯವರು ಏನು ಮಾಡುತ್ತಾರೆ ಅನ್ನುವುದು ಮಾತ್ರ ಇಷ್ಟು ವರ್ಷವಾದರೂ ನನಗೆ ಕುತೂಹಲವೇ. ಮಿಕ್ಕ ಮನೆಗಳ ಕಥೆ ಹಾಗಿರಲಿ, ಇಲ್ಲಿನ ಸ್ಟ್ರೀಟ್ಸ್‌ವಿಲ್ ಊರಿನ ಒಂದೇ ಮನೆಯಲ್ಲಿ ಆದದ್ದನ್ನು ಕೇಳಿ.

ಕಾಫಿಗೆ ಬನ್ನಿ

ನಮ್ಮ ಕನ್ನಡದವರು ಬಿರುಕು ನೋಡಲು ಬನ್ನಿ ಎಂದು ಕರೆಯುವುದಿಲ್ಲ, ಕಾಫಿಗೆ ಬನ್ನಿ ಎನ್ನುತ್ತಾರೆ. ಮಾರ್ಚಿನ ಒಂದು ಭಾನುವಾರ ಪರಿಚಯದ ಸಾಫ್ಟ್‌ವೇರ್ ಹುಡುಗನೊಬ್ಬ ಹಾಗೇ ಕರೆದ. ನಾನು ಜಾಕೆಟ್ ಬಿಚ್ಚುವ ಮೊದಲೇ "ಸಾರ್, ಸುಮ್ನೆ ಒಂದ್ಸಲ ಬೇಸ್‌ಮೆಂಟ್ ನೋಡ್ಬಿಡಿ" ಎಂದು ಮೆಟ್ಟಿಲಿಳಿಸಿದ.

ಕಾರ್ಪೆಟ್ ಒದ್ದೆಯಾಗಿತ್ತು. ಬಿರುಕು ಕಾಣಲಿಲ್ಲ, ಯಾಕೆಂದರೆ ಗೋಡೆಯೇ ಕಾಣುತ್ತಿರಲಿಲ್ಲ. ಉದ್ದಕ್ಕೂ ಸೂಟ್‌ಕೇಸು, ಅಕ್ಕಿ ಮೂಟೆ, ದಸರಾ ಗೊಂಬೆಗಳ ಪೆಟ್ಟಿಗೆ. ಮೈಸೂರಿನಿಂದ ಬಂದು ಮಗಳ ಜೊತೆ ಇದ್ದ ಅವನ ಅತ್ತೆ ಅವನ್ನೆಲ್ಲ ಒತ್ತೊತ್ತಾಗಿ ಜೋಡಿಸಿದ್ದರು. ಸರಿಸಿ ನೋಡಿದರೆ ನೆಲದಿಂದ ನನ್ನ ತಲೆಯ ಎತ್ತರಕ್ಕೆ ಬಿರುಕು. ಹಿಂದೆಯೇ ಇಳಿದು ಬಂದಿದ್ದ ಅವರನ್ನು ಕೇಳಿದೆ:

"ಇದು ನಿಮಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿಲ್ದೆ ಏನು? ಹೊರಗಿನವರ ಕಣ್ಣಿಗೆ ಬೀಳಬಾರ್ದು ಅಂತ ತಾನೇ ಮುಚ್ಚಿಟ್ಟಿದ್ದು. ಅಳಿಯಂದಿರು ನೋಡಿದ್ರೆ ನಿಮ್ಮನ್ನೇ ಕರ್ಕೊಂಡು ಬಂದಿದಾರೆ!"

ನೀರು ಎಲ್ಲಿಂದ

ಬಿರುಕು ಮುಚ್ಚುವ ಮೊದಲು ನೀರು ಎಲ್ಲಿಂದ ಬರುತ್ತದೆಂದು ಪತ್ತೆ ಮಾಡಬೇಕು. ಜೂನಿನಲ್ಲಿ ಮನೆಯ ಹೊರಗೆ ಸುತ್ತು ಹಾಕಿದೆ. ಸರಿಯಾಗಿ ಅದೇ ಗೋಡೆಗೆ ಅಂಟಿಕೊಂಡು ಅಮ್ಮನ ತೋಟ. ಚಪ್ಪರದವರೆ, ಬಸಳೆ, ಮೆಂತ್ಯ. ಸೂರಿನ ನೀರನ್ನು ಮನೆಯಿಂದ ದೂರ ಒಯ್ಯಬೇಕಾದ ಕೊಳವೆಯ ತುಂಡು ಮಾತ್ರ ನಾಪತ್ತೆ. ಹುಡುಕಿದರೆ ಅದು ಅವರೆ ಬಳ್ಳಿಗೆ ಆಸರೆಯಾಗಿ ನೆಟ್ಟಗೆ ನಿಂತಿತ್ತು. ಮಳೆ ನೀರೆಲ್ಲ ನೇರ ಪಾತಿಗೆ, ಪಾತಿಯಿಂದ ಗೋಡೆಗೆ, ಗೋಡೆಯಿಂದ ಕಾರ್ಪೆಟ್ಟಿಗೆ.

"ಇದನ್ನ ಯಾಕಮ್ಮ ಕಿತ್ತಿರಿ?"

"ಅಷ್ಟು ಒಳ್ಳೇ ನೀರು ಸುಮ್ನೆ ರೋಡಿಗೆ ಹರೀತಿತ್ತು ಕಣಪ್ಪ. ಹೊಟ್ಟೆ ಉರೀತು."

ಕೊಳವೆ ಮತ್ತೆ ಸ್ವಸ್ಥಾನಕ್ಕೆ ಹೋಯಿತು. ಬಿರುಕು ಇಷ್ಟಕ್ಕೇ ನಿಂತರೆ ಒಳಗಿನಿಂದ ತುಂಬಿದರೆ ಸಾಕು, ಬೆಳೆಯುತ್ತಾ ಹೋದರೆ ಹೊರಗಿನಿಂದ ಗೋಡೆಯ ಬುಡದವರೆಗೂ ಅಗೆಯಬೇಕು ಎಂದು ವಿವರಿಸಿದೆ.

"ಅಗೆಯೋದು ಅಂದ್ರೆ, ನನ್ನ ತೋಟಾನ?"

ಅವರ ಮುಖ ನೋಡಿ ನನಗೇ ಬೇಜಾರಾಯಿತು. ಹಿಮ ಇರುವಾಗಲೇ ಕಿಟಕಿ ಪಕ್ಕ ಸಸಿ ಮಾಡಿ ಸಾಕಿದ ಬಳ್ಳಿ ಅದು. ಹಿಂದಿನ ವರ್ಷ ಹೂ ಬಿಡುವ ಹೊತ್ತಿಗೆ ಚಳಿ ಹೊಡೆದು ಒಂದು ಕಾಯಿಯೂ ಸಿಕ್ಕಿರಲಿಲ್ಲವಂತೆ. ಅಮ್ಮ ಬಳ್ಳಿಯನ್ನೊಮ್ಮೆ, ಗೋಡೆಯನ್ನೊಮ್ಮೆ ಅಳೆದು ನೋಡಿದರು.

"ಒಂದು ಕೆಲ್ಸ ಮಾಡಿ. ಮನೇನೇ ಆ ಕಡೆ ಒಂಚೂರು ಸರಿಸೋಕಾಗಲ್ವಾ?"

ಪೆನ್ಸಿಲ್ ಗೆರೆ

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಅದರ ತುದಿಗೆ ಅಡ್ಡಲಾಗಿ ಒಂದು ಪೆನ್ಸಿಲ್ ಗೆರೆ ಎಳೆಯುವುದು ನನ್ನ ರೂಢಿ. ಅವತ್ತೂ ಎಳೆದೆ. ಬೇಸ್‌ಮೆಂಟಿನ ಪುಟ್ಟ ಕಿಟಕಿಯ ಕೆಳ ಅಂಚಿನ ಮಟ್ಟಕ್ಕೆ ಸರಿಯಾಗಿ ಬಂತು. "ಇದನ್ನ ದಾಟಬಾರದು ಅಮ್ಮ. ದಾಟಿದರೆ ಅಗೆಯಲೇಬೇಕು" ಎಂದು ಹೇಳಿ ಬಂದೆ.

ಅಕ್ಟೋಬರಿನಲ್ಲಿ ಹೋದಾಗ ಅಮ್ಮ ಬಾಗಿಲಲ್ಲೇ ಕಾದಿದ್ದರು. "ದಾಟಿಲ್ಲ! ಬೇಕಾದ್ರೆ ನೋಡ್ಕೊಳ್ಳಿ."

ಇಳಿದು ನೋಡಿದೆ. ನಿಜ, ಬಿರುಕು ಗೆರೆಗಿಂತ ಕೂದಲೆಳೆಯಷ್ಟು ಕೆಳಗೇ ನಿಂತಿತ್ತು. ಸಮಾಧಾನವಾಯಿತು. ಆಮೇಲೆ ಕಿಟಕಿಯ ಕಡೆ ಕಣ್ಣು ಹೋಯಿತು. ಗೆರೆ ಅದರ ಅಂಚಿಗಿಂತ ನಾಲ್ಕು ಬೆರಳು ಮೇಲಿತ್ತು. ಬಿರುಕು ಬೆಳೆಯುವುದನ್ನು ಬೇಕಾದಷ್ಟು ನೋಡಿದ್ದೇನೆ, ಗೆರೆ ಬೆಳೆದದ್ದನ್ನು ನೋಡಿದ್ದು ಅದೇ ಮೊದಲು. ಕೆಳಗೆ ಒಂದು ಸ್ಟೂಲು, ಅದರ ಮೇಲೆ ಪೆನ್ಸಿಲು, ರಬ್ಬರು.

"ಅಮ್ಮ, ಇದೇನಿದು?"

"ದಾಟಬಾರ್ದು ಅಂತ ನೀವೇ ಹೇಳಿದ್ರಲ್ಲ? ಶುಕ್ರವಾರ ಗುಡಿಸಿ ಒರೆಸೋವಾಗ ನೋಡ್ತಿದ್ದೆ. ಅದು ಹತ್ರ ಬಂದಾಗೆಲ್ಲ ಗೆರೇನ ಒಂಚೂರು ಮೇಲಕ್ಕೆ ಎಳೀತಿದ್ದೆ. ಒಂದ್ಸಲಾನೂ ದಾಟೋಕೆ ಬಿಟ್ಟಿಲ್ಲ!"

ಅಳಿಯ ಹಣೆ ಚಚ್ಚಿಕೊಂಡ. ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ನೋಡಿದರೆ ಬಳ್ಳಿಯ ತುಂಬ ಕಾಯಿ. ನೆಲ ಹೆಪ್ಪುಗಟ್ಟಲು ಇನ್ನೂ ಸಮಯವಿತ್ತು. ಅಮ್ಮ ಕಾಯಿ ಬಿಡಿಸಿಕೊಂಡ ಮೇಲೇ ಅಗೆದು, ಗೋಡೆ ಸರಿಮಾಡಿ, ಮಣ್ಣು ಮುಚ್ಚಿದೆವು. ಕೆಲಸ ಮುಗಿದ ದಿನ ಚಪ್ಪರದವರೆ ಪಲ್ಯದ ಊಟವೂ ಆಯಿತು.

ಹೊರಡುವ ಮುಂಚೆ, ಮುಂದಿನ ವರ್ಷ ನೋಡಲು ಇರಲಿ ಎಂದು ಮುಚ್ಚಿದ ಬಿರುಕಿನ ತುದಿಯಲ್ಲಿ ಹೊಸ ಗೆರೆ ಎಳೆಯಲು ಪೆನ್ಸಿಲ್ ತೆಗೆದೆ. ಹಿಂದಿನಿಂದ ಅಮ್ಮ ಹೇಳಿದರು:

"ಇಂಜಿನಿಯರ್ರೇ, ಈ ಸಲ ಮೊದ್ಲೇ ಚಾವಣಿ ಹತ್ರ ಎಳೆದುಬಿಡಿ. ವಾರ ವಾರ ಸ್ಟೂಲ್ ಹತ್ತೋಕೆ ನನ್ನ ಮಂಡಿ ಕೇಳಲ್ಲ."