ನಾನು ಕಣ್ಣಾರೆ ಕಂಡ ಗ್ರಹಣ

ಬದುಕಿನಲ್ಲಿ ನಮ್ಮ ಕೈತಪ್ಪಿ ಹೋಗುವಂಥವುಗಳಲ್ಲಿ ಎರಡು ಬಗೆ. ಮತ್ತೆ ಬರುವಂಥವು, ಬಾರದಂಥವು. ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಮೊದಲನೆಯ ಬಗೆಯದು. ಅದು ತಪ್ಪಿದರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತದೆ. ಬರದಿದ್ದರೆ ಇನ್ನೊಂದು ಪೊಟ್ಟಣ ಕೊಂಡರಾಯಿತು. ನಾನು ತಪ್ಪಿಸಿಕೊಂಡದ್ದು ಎರಡನೆಯ ಬಗೆಯದು. ೧೯೮೦ರ ಫೆಬ್ರವರಿಯ ಒಂದು ಮಧ್ಯಾಹ್ನ ರಾಯಚೂರಿನಲ್ಲಿ ಸೂರ್ಯ ಪೂರ್ತಿ ಮುಚ್ಚಿಹೋದ. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ದೂರದರ್ಶಕ ಹೊತ್ತು ನಮ್ಮ ಭಾಗಕ್ಕೆ ಬಂದು, ನೋಡಿಕೊಂಡು, ಧನ್ಯರಾಗಿ ಹೋದರು. ನಾನು ಊರಿನಲ್ಲೇ ಇದ್ದವನು, ಅದರಲ್ಲೂ ಭೌತವಿಜ್ಞಾನದ ಮೇಷ್ಟ್ರು. ನಾನು ನೋಡಲಿಲ್ಲ. ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಿರುವುದು ಇದೇ ಮೊದಲು.

ಆಗ ನಾನು ವಿಶ್ವವಿದ್ಯಾಲಯದವರು ರಾಯಚೂರಿನಲ್ಲಿ ತೆರೆದಿದ್ದ ಪುಟ್ಟ ಭೌತವಿಜ್ಞಾನ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಎರಡಂತಸ್ತಿನ ಹಳೆಯ ಕಟ್ಟಡ, ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳು, ಮೂವರು ಮೇಷ್ಟ್ರುಗಳು, ಒಬ್ಬ ಜವಾನ. ಜವಾನನ ಹೆಸರು ಅಮರಪ್ಪ. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದವನು, ನನಗಿಂತ ಹತ್ತು ವರ್ಷ ದೊಡ್ಡವನು. ಕಟ್ಟಡದ ಬೀಗದಕೈಗಳೆಲ್ಲ ಅವನ ಸೊಂಟದಲ್ಲಿರುತ್ತಿದ್ದವು. ಯಾವ ಬಾಗಿಲು ತೆರೆದಿದ್ದರೂ ಅವನಿಗೆ ಸಮಾಧಾನವಿರಲಿಲ್ಲ. ಕುರಿಹಟ್ಟಿಯ ಬಾಗಿಲು ತೆರೆದಿಟ್ಟರೆ ತೋಳ ಬರುತ್ತದೆಂಬ ಬಾಲ್ಯದ ಪಾಠವನ್ನು ಅವನು ಪ್ರಯೋಗಾಲಯಕ್ಕೂ ಅನ್ವಯಿಸಿದ್ದ.

ಗ್ರಹಣದ ಸುದ್ದಿ ಬಂದದ್ದೇ ತಡ, ನಮ್ಮ ವಿಭಾಗದ ಮುಖ್ಯಸ್ಥರು ವಿಜ್ಞಾನ ಸಂಘದ ಸಭೆ ಕರೆದರು. ಹೊಸಬನೆಂಬ ಕಾರಣಕ್ಕೆ ಸಿದ್ಧತೆಯ ಭಾರವೆಲ್ಲ ನನ್ನ ಹೆಗಲಿಗೆ ಬಿತ್ತು. ನಾನೂ ಬಲು ಹುರುಪಿನಿಂದ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಗ್ರಹಣವೆಂದರೆ ನೆರಳಿನ ಆಟ, ಅದಕ್ಕೆ ಹೆದರಿ ಮನೆಯೊಳಗೆ ಕೂರುವುದು ಅಜ್ಞಾನ, ಇಂಥ ಗಳಿಗೆಯಲ್ಲಿ ಒಳಗಿರುವವನು ಕಣ್ಣಿದ್ದೂ ಕುರುಡ ಎಂದೆಲ್ಲ ಹೇಳಿದೆ. ವಿದ್ಯಾರ್ಥಿಗಳು ಬೆಂಚು ಗುದ್ದಿದರು. ಮರುದಿನದಿಂದ ಊರಿನ ಡಾಕ್ಟರರನ್ನು ಕಾಡಿ ಬೇಡಿ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ತಂದು, ಕತ್ತರಿಸಿ, ಸೂರ್ಯನನ್ನು ನೋಡಲು ಚೌಕಗಳನ್ನು ಮಾಡಿದೆವು. ಆಗ ನಮಗೆ ತಿಳಿದಿದ್ದದ್ದು ಅಷ್ಟೇ. ಸಿರವಾರದಿಂದ ಬರುತ್ತಿದ್ದ ಶಾಂತಾ ಎಂಬ ವಿದ್ಯಾರ್ಥಿನಿ ತನ್ನ ಪಾಲಿನ ಚೌಕವನ್ನು ಕಿಟಕಿಗೆ ಹಿಡಿದು, "ಸರ, ನನಗ ಬ್ಯಾರೇದು ಕೊಡ್ರಿ, ಇದರಾಗ ಯಾರದೋ ಪಕ್ಕಿಎಲುಬು ಮುರದದ" ಎಂದಳು. ಮುರಿದ ಎಲುಬಿನ ನಡುವಿನಿಂದಲೂ ಸೂರ್ಯ ಕಾಣುತ್ತಾನೆಂದು ಅವಳನ್ನು ಒಪ್ಪಿಸಬೇಕಾಯಿತು.

ಮನೆಯಲ್ಲಿ ನನ್ನ ಭಾಷಣಕ್ಕೆ ಅಂಥ ಸ್ವಾಗತ ಸಿಗಲಿಲ್ಲ. ನಮ್ಮದು ಮಾನ್ವಿಯ ವೈಷ್ಣವ ಮನೆತನ. ತಂದೆ ತೀರಿದ ಮೇಲೆ ಅಮ್ಮ ನನ್ನ ಜೊತೆ ರಾಯಚೂರಿನಲ್ಲಿದ್ದಳು. ವಾರದ ಮೊದಲೇ ಪಂಚಾಂಗ ನೋಡಿ, ಉಪ್ಪಿನಕಾಯಿ ಭರಣಿಗೆ ಹಾಕಲು ದರ್ಭೆ ತೆಗೆದಿಟ್ಟುಕೊಂಡು ಕೂತಿದ್ದಳು.

"ಗೋವಿಂದಾ, ಗ್ರಹಣ ನಿನ್ನ ರಾಶಿಗೇ ಹಿಡಿದದ. ನೀ ಅಂತೂ ನೋಡಲೇಬಾರದು" ಎಂದಳು.

"ಅಮ್ಮಾ, ನಾನು ಅದನ್ನ ನೋಡಲಿಕ್ಕೇ ಪಗಾರ ತಗೊಳ್ಳೋದು."

"ಆಗಲಪ್ಪ. ನಿನ್ನ ಕೆಲಸ ನೀ ಮಾಡು, ನನ್ನ ಕೆಲಸ ನಾ ಮಾಡ್ತೀನಿ" ಎಂದು ಒಳಗೆ ಹೋದಳು. ಎಂದೂ ಇಷ್ಟು ಬೇಗ ಸೋಲದವಳು ಸೋತದ್ದು ನೋಡಿ ನಾನು ವಿಜ್ಞಾನ ಗೆದ್ದಿತೆಂದುಕೊಂಡೆ.

ಆ ದಿನ ಊಟ ಮುಗಿಸಿ ಎಲ್ಲರೂ ಕಟ್ಟಡದ ಮಾಳಿಗೆ ಹತ್ತಿದೆವು. ಕೆಳಗೆ ರಾಯಚೂರು ಕರ್ಫ್ಯೂ ಹಾಕಿದಂತೆ ಬಿಕೋ ಎನ್ನುತ್ತಿತ್ತು. ಮಾಳಿಗೆಯ ಮೇಲೆ ನಮ್ಮ ವಿಭಾಗದ ಏಕೈಕ ದೊಡ್ಡ ಕ್ಯಾಮರಾ ಮೂರು ಕಾಲಿನ ಮೇಲೆ ನಿಂತಿತ್ತು. ಅದಕ್ಕೆ ಸಣ್ಣ ಕ್ಯಾಮರಾಗಳಂತೆ ಸುರುಳಿ ಫಿಲ್ಮಿಲ್ಲ. ಕತ್ತಲೆ ಕೋಣೆಯಲ್ಲಿ ಒಂದೊಂದೇ ಹಾಳೆಯಂಥ ಫಿಲ್ಮನ್ನು ಮರದ ಚೌಕಟ್ಟಿಗೆ ತುಂಬಿ ತಂದು ಸಿಕ್ಕಿಸಬೇಕು. ನಡುವೆ ಬೆಳಕು ತಾಗಿದರೆ ಮುಗಿಯಿತು. ಬೆಳಿಗ್ಗೆಯೇ ನಾನು ಎರಡು ಚೌಕಟ್ಟು ತುಂಬಿಟ್ಟಿದ್ದೆ. ಸೂರ್ಯ ಸವೆದ ಬಿಲ್ಲೆಯಾಗುತ್ತ ಬಂದ. ಬಿಸಿಲು ಹಳದಿಯೂ ಅಲ್ಲದ ಬಿಳಿಯೂ ಅಲ್ಲದ ಒಂದು ರೋಗಿಷ್ಟ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಅತಿ ಉತ್ಸಾಹದ ಒಬ್ಬ ವಿದ್ಯಾರ್ಥಿ, ಮಲ್ಲಿಕಾರ್ಜುನ ಅಂತ, ಎರಡೂ ಚೌಕಟ್ಟುಗಳ ಮುಚ್ಚಳ ಎಳೆದು ಒಳಗೆ ಇಣುಕಿದ.

"ಏನ್ಮಾಡಾಕತ್ತೀಯೋ?" ಎಂದು ಕಿರುಚಿದೆ.

"ಫಿಲ್ಮ್ ಅದನೋ ಇಲ್ಲೋ ಅಂತ ನೋಡಿದ್ನಿರಿ ಸರ. ಅದಾವ್ರಿ" ಎಂದ, ನನಗೆ ಸಂತೋಷವಾಗಬಹುದೆಂಬ ಮುಖದಲ್ಲಿ.

ಮುಖ್ಯಸ್ಥರು ನನ್ನ ಕಡೆ ನೋಡಿದರು. ಪೂರ್ಣ ಗ್ರಹಣಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಹೊಸ ಫಿಲ್ಮು ತುಂಬಲು ಐದು ನಿಮಿಷ ಸಾಕು. "ಹೋಗಿ ಬಂದುಬಿಡ್ರಿ ಗೋವಿಂದರಾವ್" ಎಂದರು. ಎರಡೆರಡು ಮೆಟ್ಟಿಲು ಹಾರುತ್ತ ಇಳಿದೆ. ಕೆಳಗಿನ ಪಡಸಾಲೆಯ ಕೊನೆಯಲ್ಲಿ ನಮ್ಮ ಡಾರ್ಕ್‌ರೂಮು. ಕಿಟಕಿಯಿಲ್ಲದ ಕೋಣೆ, ದಪ್ಪ ಬಾಗಿಲು, ಒಳಗೆ ಎರಡು ಪದರು ಕಪ್ಪು ಪರದೆ. ಬಾಗಿಲು ಮುಂದೆ ಮಾಡಿಕೊಂಡು, ಕತ್ತಲೆಯಲ್ಲಿ ಬೆರಳಿನಿಂದಲೇ ತಡಕಾಡಿ ಫಿಲ್ಮು ತುಂಬಿದೆ. ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಮತ್ತಾವ ಕೆಲಸವನ್ನೂ ಮಾಡಿಲ್ಲ. ಚೌಕಟ್ಟುಗಳನ್ನು ಎದೆಗವಚಿಕೊಂಡು ಬಂದು ಬಾಗಿಲು ಎಳೆದೆ. ಬರಲಿಲ್ಲ.

ನಡೆದದ್ದಿಷ್ಟು. ಅಮರಪ್ಪ ಗ್ರಹಣ ಹಿಡಿಯುವ ಮೊದಲೇ ಮನೆ ಸೇರಿಕೊಳ್ಳಲು ರಜೆ ಕೇಳಿದ್ದ. ಕೆಲಸ ಮುಗಿಯದೆ ತಡವಾಗಿತ್ತು. ಹೋಗುವ ಗಡಿಬಿಡಿಯಲ್ಲಿ, ಎಲ್ಲರೂ ಮಾಳಿಗೆಯ ಮೇಲಿದ್ದಾರೆಂದು ತಿಳಿದು, ಕಂಡ ಕಂಡ ಬಾಗಿಲಿಗೆಲ್ಲ ಬೀಗ ಜಡಿದುಕೊಂಡು ನಡೆದಿದ್ದ. ನಾನು ಬಾಗಿಲು ಗುದ್ದಿದೆ. ಕೂಗಿದೆ. ಬೆಳಕಾಗಲಿ ಶಬ್ದವಾಗಲಿ ಸುಳಿಯದಂತೆ ಆ ಕೋಣೆ ಕಟ್ಟಿಸಿದ ಪುಣ್ಯಾತ್ಮನನ್ನು ಶಪಿಸಿದೆ. ಕೈಗಡಿಯಾರದ ಹಸಿರು ಮುಳ್ಳುಗಳು ಮಾತ್ರ ಹೊಳೆಯುತ್ತಿದ್ದವು. ಮುಳ್ಳು ಮೂರೂ ಮುಕ್ಕಾಲರ ಹತ್ತಿರ ಬಂದಾಗ, ಬಹುದೂರದಿಂದ, ನೀರಿನಡಿಯಿಂದ ಬಂದಂತೆ, "ಹೋ..." ಎಂಬ ಕೂಗು ಕೇಳಿಸಿತು. ನನ್ನ ವಿದ್ಯಾರ್ಥಿಗಳ ಕೂಗು. ಸೂರ್ಯ ಮುಚ್ಚಿದ್ದ. ನಾನು ಬಾಗಿಲಿಗೆ ಹಣೆ ಆನಿಸಿ ನಿಂತೆ. ಮೂರು ನಿಮಿಷವೂ ಇರಲಿಲ್ಲ ಆ ಪೂರ್ಣಗ್ರಹಣ. ಜಗತ್ತೆಲ್ಲ ಕತ್ತಲಾದಾಗ ನನಗೊಬ್ಬನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತುಬಿಟ್ಟೆ.

ಆಮೇಲೆ ಅವರೆಲ್ಲ ಇಳಿದು ಬಂದು ನನ್ನನ್ನು ಪತ್ತೆಹಚ್ಚಿದರು. ಬೀಗದಕೈ ಅಮರಪ್ಪನ ಸೊಂಟದಲ್ಲಿ, ಅಮರಪ್ಪ ಊರಾಚೆಯ ತನ್ನ ಮನೆಯಲ್ಲಿ. ಅವನನ್ನು ಕರೆತರಲು ಸೈಕಲ್ಲಿನ ಮೇಲೆ ಮಲ್ಲಿಕಾರ್ಜುನನನ್ನೇ ಕಳಿಸಿದರು. ಅಲ್ಲಿಯತನಕ ನನಗೆ ಬೇಸರವಾಗಬಾರದೆಂದು ಒಬ್ಬೊಬ್ಬರಾಗಿ ಬಾಗಿಲ ಹೊರಗೆ ನಿಂತು ತಾವು ಕಂಡದ್ದನ್ನು ವರ್ಣಿಸಿದರು. "ವಜ್ರದ ಉಂಗುರ ಇದ್ದಂಗಿತ್ರಿ ಸರ!" ಎಂದಳು ಶಾಂತಾ. "ಚುಕ್ಕಿ ಕಂಡವ್ರಿ ಸರ!" ಎಂದ ಇನ್ನೊಬ್ಬ. ಮುಖ್ಯಸ್ಥರು ಬಾಗಿಲಿಗೆ ಬಾಯಿ ಹಚ್ಚಿ, "ಗೋವಿಂದರಾವ್, ಇನ್ನ ನಾ ಸತ್ತರೂ ಚಿಂತಿಲ್ಲರೀ" ಎಂದರು. ನಾನು ಒಳಗಿನಿಂದ "ಹೌದೇನ್ರಿ ಸರ" ಎಂದೆ. ಗಂಟೆಗೂ ಮೇಲಾಗಿ ಬಾಗಿಲು ತೆರೆದಾಗ ಸೂರ್ಯ ಎಂದಿನಂತೆ ದುಂಡಗೆ, ಏನೂ ಆಗಿಲ್ಲವೆಂಬಂತೆ ಪಶ್ಚಿಮಕ್ಕೆ ಇಳಿಯುತ್ತಿದ್ದ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿಕೊಂಡಿದ್ದವಳು ಎರಡೂ ಕೈ ಜೋಡಿಸಿದಳು. "ನಾ ಹರಕಿ ಹೊತ್ತಿದ್ನಪ್ಪ, ನಿನ್ನ ಕಣ್ಣಿಗೆ ಅದು ಬೀಳಬಾರದು ಅಂತ. ರಾಯರು ಕೈಬಿಡಲಿಲ್ಲ. ಈ ಗುರುವಾರ ಮಂತ್ರಾಲಯಕ್ಕ ಹೋಗಿ ಬರೋಣ" ಎಂದಳು. ಹೋಗಿ ಬಂದೆವು. ನನ್ನ ಸರ್ವನಾಶಕ್ಕಾಗಿ ನಾನೇ ಸಾಷ್ಟಾಂಗ ಹಾಕಿ ಬಂದೆ.

ಒಂದು ವಾರ ಅಮರಪ್ಪ ನನ್ನ ಕಣ್ಣಿಗೆ ಬೀಳದಂತೆ ಓಡಾಡಿದ. ಒಂದು ದಿನ ಚಹಾ ತಂದಿಟ್ಟು ಹೋಗದೆ ನಿಂತ. ಅವನಿಗೊಂದು ಗುಟ್ಟು ಹೇಳುವುದಿತ್ತು. ಆ ದಿನ ಮನೆ ಮುಟ್ಟುವ ಮೊದಲೇ, ಬಯಲಿನಲ್ಲಿ, ಗ್ರಹಣ ಅವನನ್ನು ಹಿಡಿದಿತ್ತು. ಹತ್ತಿರದಲ್ಲೇ ಯಾರದೋ ಕುರಿಹಿಂಡು ನಡೆಯುವುದನ್ನು ಬಿಟ್ಟು ನಿಂತುಬಿಟ್ಟಿತಂತೆ, ತಲೆಗಳೆಲ್ಲ ನಡುವಿಗೆ, ಬಾಲಗಳೆಲ್ಲ ಹೊರಗೆ. ಇವನು ತಲೆಯೆತ್ತಿದ.

"ಕಪ್ಪನ್ನ ಕಣ್ಣೊಂದು ಮ್ಯಾಲಿಂದ ನಮ್ಮನ್ನ ನೋಡಿದಂಗಿತ್ರಿ ಸರ. ಅದರ ಸುತ್ತ ಮುದುಕಿ ಬಿಳಿಕೂದಲಾ ಹರವಿದಂಗ. ಅಂಜಿ ಓಡಾಕತ್ತಿದ್ದೆ, ಅಂಜೋದೇ ಮರ್ತೆ" ಎಂದು ಹೇಳಿ ಕಣ್ಣೊರೆಸಿಕೊಂಡ. "ನೀವು ನೋಡಬೇಕಾದ್ದನ್ನ ನಾ ನೋಡಿದೆ. ತಪ್ಪಾತ್ರಿ."

ಆ ವರ್ಷದಿಂದ ನನಗೆ ಕಾಲೇಜು, ಹೈಸ್ಕೂಲುಗಳಿಂದ ಕರೆ ಬರತೊಡಗಿತು. ಗ್ರಹಣ ಕಂಡ ಊರಿನ ಭೌತವಿಜ್ಞಾನದ ಮೇಷ್ಟ್ರಲ್ಲವೇ? ಮಾನ್ವಿಯಲ್ಲಿ ಮಾತಾಡುವಾಗ "ಕಂಡವರು ಹೇಳುವಂತೆ" ಎಂದು ಆರಂಭಿಸಿ ಅಮರಪ್ಪನ ಮಾತುಗಳನ್ನೇ ಹೇಳಿದೆ. ಸಭೆ ಉಸಿರು ಬಿಗಿಹಿಡಿದು ಕೇಳಿತು. ಕೆಲವು ವರ್ಷ ಕಳೆದು ಶಕ್ತಿನಗರದ ವಿದ್ಯುತ್ ಸ್ಥಾವರದ ಎಂಜಿನಿಯರುಗಳೆದುರು ನಿಂತಾಗ "ಕಂಡವರು" ಎಂಬ ಪದ ಹೇಗೋ ಉದುರಿಹೋಗಿತ್ತು. ದೇವದುರ್ಗದ ಕಾಲೇಜಿಗೆ ಹೋಗುವ ಹೊತ್ತಿಗೆ ಆ ಬಯಲಿನಲ್ಲಿ ನಾನೇ ನಿಂತಿದ್ದೆ. ಸಂಕಟವೆಂದರೆ, ದೇವದುರ್ಗಕ್ಕೆ ಸ್ಲೈಡು ತೋರಿಸುವ ಯಂತ್ರ ಹೊತ್ತುಕೊಂಡು ಅಮರಪ್ಪನೂ ಬಂದಿದ್ದ. ಊರು ಅವನ ಕಡೆಯದು. ಬರುತ್ತೇನೆಂದಾಗ ಬೇಡವೆನ್ನಲು ಕಾರಣ ತೋಚಲಿಲ್ಲ. ಹಿಂದಿನ ಗೋಡೆಗೆ ಆತು ಕೂತು, ತಾನು ಕಂಡ ಗ್ರಹಣವನ್ನು ನನ್ನ ಬಾಯಲ್ಲಿ ಕೇಳಿದ. ನಾನು ಕುರಿಹಿಂಡಿನ ನಡುವೆ ನಿಂತು ತಲೆಯೆತ್ತಿದೆ. ಕಪ್ಪು ಕಣ್ಣು ಕಂಡೆ. ನಿಲ್ಲಿಸಲು ಆಗಲಿಲ್ಲ.

ಭಾಷಣ ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು. "ಸರ, ಆವಾಗ ಕುರಿ ಒದರಿದುವೇನ್ರಿ?"

ಅಮರಪ್ಪ ಅದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸುಮ್ಮನೆ ಒಂದು ಹೌದೋ ಇಲ್ಲವೋ ಹೇಳಬಹುದಿತ್ತು, ಆದರೆ ಸಭೆಯಲ್ಲಿದ್ದವರಲ್ಲಿ ಅರ್ಧ ಜನ ಕುರಿಯ ನಡುವೆ ಬೆಳೆದವರು. ಹಿಂದಿನ ಗೋಡೆಯ ಕಡೆ ನೋಡಿದೆ. ಅಮರಪ್ಪ ನಿಧಾನವಾಗಿ ಎದ್ದು ನಿಂತ. ನನ್ನ ಮಾನ ಹೋಯಿತೆಂದುಕೊಂಡೆ. ಹೋಗಲಿ, ಹೋಗಬೇಕಾದ್ದೇ ಎಂದೂ ಅನಿಸಿತು.

"ಇಲ್ಲವ್ವಾ, ಒಂದೂ ಒದರಲಿಲ್ಲ" ಎಂದ ಅಮರಪ್ಪ. "ಸರದು ಲಕ್ಷ್ಯ ಎಲ್ಲಾ ಮ್ಯಾಲಿತ್ತು. ಕುರಿ ಕಡಿ ನಾ ನೋಡಾಕತ್ತಿದ್ದೆ. ನಾ ಇವರ ಬಾಜೂಕನ ನಿಂತಿದ್ದೆ."

ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ, ಯಾರಿಗೆಂದು ಕೇಳಬೇಡಿ.

ತಿರುಗಿ ಬರುವಾಗ ಬಸ್ಸಿನಲ್ಲಿ, "ಯಾಕ ಹಂಗ ಹೇಳಿದಿ ಅಮರಪ್ಪಾ?" ಎಂದೆ.

ಅವನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. "ಅವತ್ತ ನಿಮ್ಮನ್ನ ಒಳಗ ಬಿಟ್ಟು ಕೀಲಿ ಹಾಕ್ಕೊಂಡು ಹೋದ್ನಲ್ಲರಿ ಸರ. ಇವತ್ತ ಜೋಡೀಲೆ ಕರ್ಕೊಂಡು ಹೋದೆ ಅಂತ ತಿಳ್ಕೊಳ್ರಿ."

ಮರುದಿನವೇ ಎಲ್ಲರೆದುರು ಸತ್ಯ ಒಪ್ಪಿಕೊಳ್ಳಬೇಕೆಂದು ಆ ಬಸ್ಸಿನಲ್ಲೇ ಗಟ್ಟಿಮನಸ್ಸು ಮಾಡಿದೆ. ಆದರೆ ಒಪ್ಪಿಕೊಂಡರೆ ಸುಳ್ಳನಾಗುವವನು ನಾನೊಬ್ಬನೇ ಅಲ್ಲ, ಅಮರಪ್ಪನೂ ಆಗುತ್ತಾನಲ್ಲ ಎಂಬ ಅನುಕೂಲವಾದ ಯೋಚನೆ ರಾಯಚೂರು ಮುಟ್ಟುವ ಮೊದಲೇ ಹೊಳೆಯಿತು. ಮುಂದಿನ ತಿಂಗಳು ನೀರಮಾನ್ವಿಯ ಶಾಲೆಯವರು ಕರೆದರು. "ನಾನೂ ನಮ್ಮ ಅಮರಪ್ಪನೂ ಬಯಲಿನಲ್ಲಿ ನಿಂತಿದ್ದೆವು" ಎಂದು ಮಾತು ಆರಂಭಿಸಿದೆ. ಏನು ಮಾಡಲಿ? ಇನ್ನೊಬ್ಬ ಸಾಕ್ಷಿಯಿಂದ ದೃಢಪಟ್ಟ ಅವಲೋಕನವನ್ನು ತಳ್ಳಿಹಾಕಬಾರದೆಂದು ವರ್ಷವಿಡೀ ಮಕ್ಕಳಿಗೆ ಪಾಠ ಹೇಳುವವನು ನಾನು.