ಬ್ರೇಕ್ ಮುಟ್ಟಿದವನು ಹಿಂದೆ ಕೂರಬೇಕು

ಬೈಕ್ ರಿಪೇರಿ ಅಂಗಡಿ ಇಟ್ಟವನು ನಗುವುದಕ್ಕೆ ಅಂತ ಎಲ್ಲಿಗೂ ಹೋಗಬೇಕಾಗಿಲ್ಲ. ದಿನಕ್ಕೆ ಒಂದಾದರೂ ಪ್ರಸಂಗ ತಾನಾಗಿ ಉರುಳಿಕೊಂಡು ಬಾಗಿಲಿಗೆ ಬರುತ್ತದೆ. ಉರುಳದೇ ಇದ್ದರೆ ಯಾರಾದರೂ ತಳ್ಳಿಕೊಂಡು ಬರುತ್ತಾರೆ. ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ನನ್ನದು ಇದೇ ಕೆಲಸ. ಬೇರೆ ಮೆಕ್ಯಾನಿಕ್‌ಗಳು ಲೋಕವನ್ನು ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ನಾನು ಹೆಚ್ಚಾಗಿ ನೋಡಿದ್ದು ಗಿರಾಕಿಯ ಬೆನ್ನಿನ ಹಿಂದೆ ಕೂತು.

ಅದಕ್ಕೆ ಕಾರಣ ನನ್ನ ಉಸ್ತಾದ್, ನನಗೆ ಕೆಲಸ ಕಲಿಸಿದ ಗುರು. ಅವರ ಅಂಗಡಿಯಲ್ಲಿ ಒಂದೇ ಒಂದು ಕಾನೂನು ಇತ್ತು: ಬ್ರೇಕ್ ಮುಟ್ಟಿದವನು ಹಿಂದೆ ಕೂರಬೇಕು. ಅಂದರೆ ಯಾವ ಗಾಡಿಯ ಬ್ರೇಕಿಗೆ ನಾವು ಸ್ಪ್ಯಾನರ್ ಹಾಕುತ್ತೇವೋ, ಆ ಗಾಡಿಯನ್ನು ಗಿರಾಕಿ ಮೊದಲ ಸಲ ಓಡಿಸುವಾಗ ನಾವೇ ಅವನ ಹಿಂದೆ ಕೂತು ಒಂದು ಸುತ್ತು ಹೋಗಿ ಬರಬೇಕು. "ಯಾಕೆ ಉಸ್ತಾದ್?" ಅಂತ ಸೇರಿದ ಹೊಸದರಲ್ಲಿ ಕೇಳಿದ್ದೆ. "ಬೇರೆಯವರ ಜೀವಕ್ಕೆ ಅಂದ್ರೆ ನಟ್ಟು ಒಸಿ ಸಡಿಲ ಇದ್ರೂ ಕೈ ಬಿಟ್ಬುಡ್ತದೆ. ನಿನ್ ಜೀವಕ್ಕೆ ಅಂದ್ರೆ ತಾನಾಗೇ ಟೈಟ್ ಆಯ್ತದೆ," ಅಂದಿದ್ದರು.

ಈ ಹಳೆಯದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಹೋದ ವರ್ಷ ಒಂದು ಬೆಳಿಗ್ಗೆ ಉಸ್ತಾದರ ಮನೆಯವರು ಅಂಗಡಿಗೆ ಬಂದರು. ನಾನು ಅವರನ್ನು ಅಮ್ಮ ಅಂತಲೇ ಕರೆಯುವುದು. ಉಸ್ತಾದ್ ಅಂಗಡಿಯನ್ನು ನನ್ನ ಕೈಗೆ ಕೊಟ್ಟು ಮನೆಯಲ್ಲಿದ್ದಾರೆ, ಆದರೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜಿಗೆ ತಮ್ಮ ಹಳೇ ಗಾಡಿಯಲ್ಲೇ ಹೋಗುತ್ತಾರೆ. ಅಮ್ಮ ನಿಂತುಕೊಂಡೇ ಹೇಳಿದರು: "ಕಣ್ಣಿನ ಡಾಕ್ಟ್ರು ಇನ್ನು ಗಾಡಿ ಮುಟ್ಟಬೇಡಿ ಅಂದವ್ರೆ. ಆಪರೇಷನ್ ಮಾಡಿದ್ರೂ ಸರಿಹೋಗಲ್ವಂತೆ. ನನ್ ಮಾತು ಕೇಳಲ್ಲ, ಮಕ್ಕಳ ಮಾತು ಕೇಳಲ್ಲ. ನೀನೇ ಹೇಳ್ಬೇಕಪ್ಪ. ಏನಾದ್ರೂ ಆಗೋಕ್ ಮುಂಚೆ ಹೇಳು."

"ಹೇಳ್ತೀನಮ್ಮ," ಅಂದೆ. ಅಂದುಬಿಟ್ಟೆ. ಆದರೆ ಗಾಡಿಯ ಮೇಲೆ ಕೂರುವುದನ್ನು ನನಗೆ ಕಲಿಸಿದವರಿಗೆ ಇನ್ನು ನೀವು ಇಳಿಯಿರಿ ಅಂತ ಯಾವ ಬಾಯಲ್ಲಿ ಹೇಳುವುದು? ಇವತ್ತು ನಾಳೆ ಅಂತ ದಿನ ತಳ್ಳುತ್ತಾ, ಕೆಲಸ ಮಾಡುವಾಗ ಹಳೆಯದನ್ನೇ ನೆನೆಸಿಕೊಂಡು ಒಬ್ಬನೇ ನಗುತ್ತಿದ್ದೆ.

೧. ಮೊದಲ ಸವಾರಿ

ನಾನೊಬ್ಬನೇ ಕೂತು ಮಾಡಿದ ಮೊದಲ ಬ್ರೇಕು, ಮಾಗಡಿ ತಾಲ್ಲೂಕಿನ ಕಲ್ಯದಿಂದ ಬಂದ ಒಬ್ಬ ರೈತರ ಗಾಡಿಯದು. ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಶೂ ಹಾಕಿದೆ. ಹಿಂದೆ ಕೂರಬೇಕಲ್ಲ ಅಂತ ನೆನಪಾಗಿ ಎಲ್ಲ ಬಿಚ್ಚಿ ಇನ್ನೊಂದು ಸಲ ಹಾಕಿದೆ. ಆಮೇಲೆ ಮನೆದೇವರನ್ನು ನೆನೆದು ಹತ್ತಿ ಕೂತೆ.

ಬೆಟ್ಟದ ಕಡೆಯ ರಸ್ತೆಯಲ್ಲಿ ಒಂದು ಇಳಿಜಾರು ಇದೆ. ಗಾಡಿ ಅದರಲ್ಲಿ ಜೋರಾಗಿ ಇಳಿಯತೊಡಗಿತು. "ಬ್ರೇಕ್ ಹಿಡೀರಿ ಯಜಮಾನ್ರೇ!" ಅಂತ ಕೂಗಿದೆ. ಅವರು ಬ್ರೇಕಿನ ತಂಟೆಗೇ ಹೋಗಲಿಲ್ಲ. ಎರಡೂ ಕಾಲು ನೆಲಕ್ಕೆ ಬಿಟ್ಟು, ಟಾರು ರಸ್ತೆ ಮೇಲೆ ಪರಪರ ಅಂತ ಚಪ್ಪಲಿ ಉಜ್ಜಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿದರು. ನನ್ನ ಜೀವ ಬಾಯಿಗೆ ಬಂದಿತ್ತು.

"ಯಾಕೆ, ಬ್ರೇಕ್ ಹಿಡೀಲಿಲ್ವಾ?"

"ಹಿಡೀದೇ ಏನು? ಚೆನ್ನಾಗೇ ಐತೆ."

"ಮತ್ತೆ ಕಾಲ್ಯಾಕೆ ಕೊಟ್ರಿ?"

"ಹೊಸಾ ಬ್ರೇಕು ಕಣಪ್ಪ. ಈಗ್ಲೇ ಸವೆಸ್ಬುಟ್ರೆ ಹೆಂಗೆ?"

"ಚಪ್ಪಲಿ ಸವೆಯಲ್ವಾ?"

"ಚಪ್ಲಿ ನಮ್ ಮಾವ ಕೊಡ್ಸಿದ್ದು. ಬ್ರೇಕ್ ನಾನ್ ಹಾಕ್ಸಿದ್ದು!"

೨. ಚಂದ್ರಂಕಿ

ರೇಷ್ಮೆ ಹುಳು ಹಣ್ಣಾದ ಮೇಲೆ ಅದನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗೆ ನಮ್ಮ ಕಡೆ ಚಂದ್ರಂಕಿ ಅನ್ನುತ್ತಾರೆ. ಆಳೆತ್ತರ ಇರುತ್ತದೆ, ಬಾಗಿಲಿನಷ್ಟು ಅಗಲ, ಮೈತುಂಬ ಸುರುಳಿ ಸುರುಳಿ ಬಿದಿರಿನ ಪಟ್ಟಿ. ಒಂದು ದಿನ ಕನಕಪುರ ಕಡೆಯ ಒಬ್ಬರು ಬ್ರೇಕ್ ಮಾಡಿಸಿಕೊಳ್ಳಲು ಬಂದಾಗ ಅಂತಹದೊಂದನ್ನು ಅಂಗಡಿಯ ಗೋಡೆಗೆ ಒರಗಿಸಿದ್ದರು. ಮಾರುಕಟ್ಟೆಯ ಹತ್ತಿರ ಯಾರೋ ನೆಂಟರು ಕೊಟ್ಟಿದ್ದಂತೆ.

ಕೆಲಸ ಮುಗಿಯಿತು. ನಾನು ಹಿಂದೆ ಕೂತೆ. "ಹೆಂಗೂ ಕೂತ್ಕೊಂಡಿದೀಯ, ಇದನ್ನ ಒಸಿ ಹಿಡ್ಕೊ," ಅಂತ ಚಂದ್ರಂಕಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಸುತ್ತಿಗೆ ತಾನೇ ಅಂತ ಹಿಡಿದುಕೊಂಡೆ. ಗಾಡಿ ಬೀದಿ ದಾಟಿತು, ಊರು ದಾಟಿತು, ಕನಕಪುರದ ರಸ್ತೆ ಹಿಡಿಯಿತು.

"ಯಜಮಾನ್ರೇ, ಬ್ರೇಕ್ ನೋಡಿ ಆಯ್ತಲ್ಲ, ವಾಪಸ್ ಹೋಗಾಣ!"

"ಇನ್ನೂ ನೋಡ್ತಾ ಇವ್ನಿ ಕಣ್ಲಾ, ಸುಮ್ಕಿರು!"

ಎದುರಿಂದ ಲಾರಿ ಬಂದಾಗಲೆಲ್ಲ ಗಾಳಿ ಚಂದ್ರಂಕಿಗೆ ಹೊಡೆದು ಗಾಡಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತಿತ್ತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಅವರ ಊರಲ್ಲಿ, ಅವರ ಮನೆಯ ಮುಂದೆಯೇ ಒಂದು ಕೋಳಿ ಅಡ್ಡ ಬಂತು. ಅವರು ಬ್ರೇಕ್ ಹಾಕಿದರು. ನಾನು ಮಾಡಿದ ಬ್ರೇಕು ನೋಡಿ, ಗಾಡಿ ನಿಂತಲ್ಲೇ ನಿಂತಿತು. ಚಂದ್ರಂಕಿ ನಿಲ್ಲಲಿಲ್ಲ. ಅದೂ ನಾನೂ ಒಟ್ಟಿಗೆ ಜಾರಿ ಬಿದ್ದೆವು. ಅಡಿಯಲ್ಲಿ ನಾನು, ಮೇಲೆ ಅದು. ಬಿದಿರಿನ ಪಟ್ಟಿಗಳ ಸಂದಿಯಿಂದ ನನ್ನ ಮುಖ ಮಾತ್ರ ಕಾಣುತ್ತಿತ್ತು.

ಮನೆಯ ಯಜಮಾನಿ ಹೊರಗೆ ಬಂದು ನನ್ನನ್ನು ಬಗ್ಗಿ ನೋಡಿ ಗಂಡನಿಗೆ ಅಂದರು: "ಬರೀ ಚಂದ್ರಂಕಿ ತನ್ನಿ ಅಂದ್ರೆ, ಹುಳ ಬುಟ್ಕೊಂಡೇ ಬಂದ್ರಾ?"

೩. ಹೆಲ್ಮೆಟ್

ಇದು ಚಿಕ್ಕದು. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ಬರುತ್ತಿದ್ದರು. ಎಲ್ಲದಕ್ಕೂ ಪ್ರಶ್ನೆ. ಆಯಿಲ್ ಯಾಕೆ ಕಪ್ಪು, ಚೈನ್ ಯಾಕೆ ಸದ್ದು, ಟೈರಿಗೆ ಗಾಳಿ ಎಷ್ಟು. ಬ್ರೇಕ್ ಮುಗಿಸಿ, ನಾನು ಹೆಲ್ಮೆಟ್ ಹಾಕಿ ಕೊಂಡಿ ಬಿಗಿದು ಹಿಂದೆ ಕೂತೆ. ಅವರು ತಿರುಗಿ ನೋಡಿದರು.

"ಬ್ರೇಕ್ ಮಾಡಿದೋನು ನೀನೇ. ಹೆಲ್ಮೆಟ್ ಹಾಕ್ಕೊಂಡು ಕೂತಿದೀಯ ಅಂದ್ರೆ ನಿನ್ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?"

"ಕೆಲಸದ ಮೇಲೆ ಐತೆ ಸಾರ್. ಬ್ರೇಕ್ ನಂದು, ತುಳಿಯೋ ಕಾಲು ನಿಮ್ದಲ್ವಾ?" ಅಂದೆ.

೪. ಕಾಣದ ಕನ್ನಡಿ

ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಒಬ್ಬ ಸಾಹೇಬರಿದ್ದರು. ಕೈಯಲ್ಲಿ ಬಲು ಕಲೆ. ಅವರ ಗಾಡಿಯ ಎರಡು ಕನ್ನಡಿಯೂ ಒಡೆದಾಗ, ಅವರು ಲೇತಿನಲ್ಲಿ ಎರಡು ದುಂಡನೆಯ ಮರದ ಬಿಲ್ಲೆ ಕಡೆದು, ಅರಗಿನ ಕೆಂಪು ಹಳದಿ ಬಣ್ಣ ಹಾಕಿ, ಥಳಥಳ ಹೊಳೆಯುವ ಹಾಗೆ ತಿಕ್ಕಿ, ಕನ್ನಡಿಯ ಕಡ್ಡಿಗೆ ಕೂರಿಸಿಕೊಂಡು ಬಂದಿದ್ದರು. ಬೀದಿಯ ಜನವೆಲ್ಲ ಬಂದು ನೋಡಿ ಹೋದರು.

ಬ್ರೇಕ್ ಸರಿಮಾಡಿ ಹಿಂದೆ ಕೂತೆ. ಮೈಸೂರು ರಸ್ತೆಗೆ ಬಂದೆವು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತಿದೆ, ಇವರು ಆರಾಮಾಗಿ ನಡುರಸ್ತೆಗೆ ಎಳೆಯುತ್ತಿದ್ದಾರೆ.

"ಸಾಹೇಬ್ರೇ, ಹಿಂದೆ ಬಸ್ಸು! ಕಾಣ್ತಾ ಇಲ್ವಾ?"

"ಹೆಂಗ್ ಕಾಣ್ತದೆ? ಮರ ಅಲ್ವಾ? ಹಿಂದೆ ಕೂತಿರೋನು ನೀನು, ನೀನು ನೋಡಿ ಹೇಳು!"

ಅಂಗಡಿಗೆ ಬಂದು ಉಸ್ತಾದರಿಗೆ ದೂರು ಹೇಳಿದೆ. ಉಸ್ತಾದ್ ಮೊದಲು ಆ ಬಿಲ್ಲೆಗಳನ್ನು ಸವರಿ ನೋಡಿ "ವಾಹ್, ಏನ್ ಕೆಲಸ" ಅಂದರು. ಆಮೇಲೆ ಬಿಚ್ಚಿ ತೆಗೆದು, ಗಾಜಿನ ಕನ್ನಡಿ ಹಾಕಿಕೊಟ್ಟರು. "ಬೇಜಾರ್ ಮಾಡ್ಕೋಬೇಡಿ ಸಾಹೇಬ್ರೇ. ಕಾಣದೆ ಓಡಿಸೋನು ತಾನೊಬ್ಬನೇ ಬೀಳಲ್ಲ, ಇನ್ನೊಬ್ಬರನ್ನೂ ಕೆಡವ್ತಾನೆ," ಅಂದರು. ಸಾಹೇಬರು ಹೋಗುವಾಗ ಮರದ ಕನ್ನಡಿಗಳನ್ನು ನಮಗೇ ಕೊಟ್ಟರು: "ಇಟ್ಕೊಳ್ಳಿ. ಇದು ಯಾವತ್ತೂ ಒಡೆಯಲ್ಲ, ಗ್ಯಾರಂಟಿ!"

ಅವು ಇವತ್ತಿಗೂ ಅಂಗಡಿಯ ಗೋಡೆಯ ಮೇಲಿವೆ. ಅಮ್ಮ ಬಂದು ಹೋದ ಮೇಲೆ ಅವುಗಳನ್ನು ನೋಡಿದಾಗಲೆಲ್ಲ ಉಸ್ತಾದರ ಆ ಮಾತೇ ಕಿವಿಯಲ್ಲಿ ಕೇಳುತ್ತಿತ್ತು. ಅವರದೇ ಮಾತನ್ನು ಅವರಿಗೇ ಹೇಳಿದರೆ ಸಾಕಿತ್ತು. ನಾಲಗೆ ಏಳುತ್ತಿರಲಿಲ್ಲ.

೫. ಸಲಾಮು

ಹೇಳಲಾಗದ ಹೇಡಿಗೆ ಒಂದು ಉಪಾಯ ಹೊಳೆಯಿತು. ಒಂದು ಶುಕ್ರವಾರ ಅವರ ಮನೆಗೆ ಹೋಗಿ, "ಬ್ರೇಕ್ ನೋಡ್ತೀನಿ ಉಸ್ತಾದ್," ಅಂತ ಹೊಸ ಶೂ ಹಾಕಿದೆ. ಕಾನೂನು ಪ್ರಕಾರ ಹಿಂದೆ ಕೂರಬೇಕಲ್ಲ, ಮಸೀದಿಯ ದಾರಿಯಲ್ಲಿ ಮೆಲ್ಲಗೆ ವಿಷಯ ತೆಗೆಯೋಣ ಅಂತ.

ಬೀದಿಯಲ್ಲಿ ಬಟ್ಟೆ ಅಂಗಡಿಯವರು ಸೂಟು ತೊಡಿಸಿದ ಪ್ಲಾಸ್ಟಿಕ್ ಬೊಂಬೆಯೊಂದನ್ನು ಹೊರಗೆ ನಿಲ್ಲಿಸಿದ್ದರು. ಉಸ್ತಾದ್ ಅದರ ಮುಂದೆ ನಿಧಾನ ಮಾಡಿ ಕೈ ಎತ್ತಿ ಸಲಾಮು ಹೇಳಿದರು. ಬೊಂಬೆ ಸುಮ್ಮನಿತ್ತು. "ನೋಡಿದ್ಯಾ ಹುಡುಗ, ಸೂಟ್ ಹಾಕ್ಕೊಂಡ ಮೇಲೆ ಜನಕ್ಕೆ ಎಷ್ಟು ಸೊಕ್ಕು!" ಅಂದರು. ನನಗೆ ಐವತ್ತು ದಾಟಿದರೂ ಅವರಿಗೆ ನಾನು ಹುಡುಗನೇ.

ನಗು ಬಂತು. ಆದರೆ ಅದು ಬಾಯಲ್ಲಿದ್ದ ಹಾಗೆಯೇ ಎದುರಿಗೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ರಸ್ತೆ ದಾಟುತ್ತಿರುವುದು ಕಾಣಿಸಿತು. ನನಗೆ ಕಾಣಿಸಿತು, ಅವರಿಗೆ ಕಾಣಿಸಲಿಲ್ಲ. "ಉಸ್ತಾದ್, ಬ್ರೇಕ್!" ಅಂತ ಕಿರುಚಿದೆ. ಕಣ್ಣು ಹೋದರೂ ಕಾಲು ಹಳೆಯದೇ, ತಟ್ಟನೆ ತುಳಿಯಿತು. ಆ ಹೆಂಗಸಿನ ಸೆರಗಿಗೂ ಚಕ್ರಕ್ಕೂ ಗೇಣು ಜಾಗವಿತ್ತು. ಆಕೆ ಬೈದು ಹೋದರು.

ಉಸ್ತಾದ್ ಗಾಡಿ ಆಫ್ ಮಾಡಿದರು. ಆಮೇಲೆ "ಬ್ರೇಕ್ ಚೆನ್ನಾಗ್ ಮಾಡಿದೀಯ," ಅಂದರು, ಅಷ್ಟೇ. ಇಳಿದು ಗಾಡಿಯನ್ನು ತಳ್ಳಿಕೊಂಡು ಅಂಗಡಿಗೆ ಬಂದರು. ಗೋಡೆಯ ಹತ್ತಿರ ಹೋಗಿ ಆ ಮರದ ಕನ್ನಡಿಗಳನ್ನು ಬೆರಳಿನಿಂದ ಸವರಿದರು. ನನ್ನ ಮುಖ ನೋಡದೆ ನಡೆದೇ ಮಸೀದಿಗೆ ಹೋದರು. ಸಂಜೆ ಗಾಡಿಯನ್ನು ಅವರ ಮನೆಯ ಮುಂದೆ ಬಿಟ್ಟು ಬಂದೆ. ಅವತ್ತು ನಾನು ಊಟ ಮಾಡಲಿಲ್ಲ.

೬. ಉಸ್ತಾದರ ಬ್ರೇಕು

ಮುಂದಿನ ಶುಕ್ರವಾರ, ಇವತ್ತು ಹೇಳಿಯೇ ತೀರುತ್ತೇನೆ ಅಂತ ಗಟ್ಟಿಮನಸ್ಸು ಮಾಡಿಕೊಂಡು ಅವರ ಮನೆಗೆ ಹೋದೆ. ಉಸ್ತಾದ್ ಬಿಳಿ ಜುಬ್ಬಾ ಹಾಕಿಕೊಂಡು, ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಸ್ಪ್ಯಾನರು. ಬ್ರೇಕಿನ ನಟ್ಟನ್ನು ಕಣ್ಣಿಂದ ಹುಡುಕದೆ ಬೆರಳಿಂದ ಹುಡುಕಿ ಹಿಡಿದು, ಕಾಲು ಸುತ್ತು ತಿರುಗಿಸಿದರು. ಎದ್ದು ಕೈ ಒರೆಸಿಕೊಂಡು ಬೀಗದ ಕೈಯನ್ನು ನನ್ನ ಕಡೆ ಚಾಚಿದರು.

"ಇವತ್ತು ಬ್ರೇಕ್ ಮುಟ್ಟಿರೋದು ನಾನು. ಮುಟ್ಟಿದೋನು ಎಲ್ಲಿ ಕೂರ್ಬೇಕು ಹೇಳು?"

"ಹಿಂದೆ ಉಸ್ತಾದ್," ಅಂದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಸ್ತಾದ್ ಹಿಂದೆ ಹತ್ತಿ ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ಭಾರ ಇವತ್ತಿಗೂ ನನ್ನ ಹೆಗಲಿಗೆ ಗೊತ್ತು.

ಅವತ್ತಿನಿಂದ ಪ್ರತಿ ಶುಕ್ರವಾರ ಇದೇ ಪದ್ಧತಿ. ನಾನು ಬರುವುದಕ್ಕೆ ಮುಂಚೆ ಅವರು ನಟ್ಟು ಕಾಲು ಸುತ್ತು ಬಿಗಿ ಮಾಡುತ್ತಾರೆ. ಅವರು ನಮಾಜಿಗೆ ಒಳಗೆ ಹೋದಾಗ ನಾನು ಹೊರಗೆ ಕೂತು ಅದನ್ನೇ ಕಾಲು ಸುತ್ತು ಸಡಿಲ ಮಾಡುತ್ತೇನೆ. ಅವರಿಗೆ ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.

ಮೊನ್ನೆ ಒಂದು ಶುಕ್ರವಾರ ಅಂಗಡಿಯಲ್ಲಿ ಗಿರಾಕಿಗಳು ಬಿಡದೆ ಹೋಗುವುದು ತಡವಾಯಿತು. ಉಸ್ತಾದ್ ಕಾದರು. ಸುಮ್ಮನೆ ಕೂರುವ ಜೀವ ಅಲ್ಲ. ನಾನು ಬರುವವರೆಗೂ ಆ ನಟ್ಟನ್ನು ತಿರುಗಿಸುತ್ತಲೇ ಇದ್ದರಂತೆ. ನಾನು ಓಡೋಡಿ ಬಂದು ಗಾಡಿ ಸ್ಟಾರ್ಟ್ ಮಾಡಿ, ಅವರನ್ನು ಕೂರಿಸಿಕೊಂಡು ಗೇರ್ ಹಾಕಿದೆ. ಗಾಡಿ ಮಿಸುಕಲಿಲ್ಲ. ಆಕ್ಸಿಲರೇಟರ್ ಕೊಟ್ಟೆ. ಇಂಜಿನ್ ಒಂದು ಸಲ ನರಳಿ ಆಫ್ ಆಯಿತು. ಇನ್ನೊಂದು ಸಲ ಕಿಕ್ ಹೊಡೆದೆ, ಮತ್ತೆ ಆಫ್. ಬೀದಿಯ ಜನ ಮನೆಗಳಿಂದ ಹೊರಗೆ ಬಂದು ನೋಡುತ್ತಿದ್ದಾರೆ, ನಾವಿಬ್ಬರೂ ಹೆಲ್ಮೆಟ್ ಹಾಕಿಕೊಂಡು ನಿಂತ ಗಾಡಿಯ ಮೇಲೆ ಕೂತಿದ್ದೇವೆ.

ಉಸ್ತಾದ್ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಗುದ್ದಿದರು. "ನೋಡಿದ್ಯಾ? ಬ್ರೇಕ್ ಅಂದ್ರೆ ಇದು! ಮೂವತ್ತು ವರ್ಷದಲ್ಲಿ ಇಂಥದ್ದೊಂದು ಮಾಡಿದೀಯಾ ನೀನು?"

"ಇಲ್ಲ ಉಸ್ತಾದ್. ಒಂದ್ ನಿಮಿಷ, ಒಸಿ ಸಡಿಲ ಮಾಡ್ಬುಡ್ತೀನಿ, ನಮಾಜಿಗೆ ಹೊತ್ತಾಯ್ತು," ಅಂತ ಇಳಿದು ಸ್ಪ್ಯಾನರ್ ಹಿಡಿದು ಬಗ್ಗಿದೆ.

"ಏಯ್, ಮುಟ್ಬೇಡ!" ಅಂತ ಉಸ್ತಾದ್ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ನಮಾಜಿಗೆ ನಡ್ಕೊಂಡ್ ಹೋಗ್ತೀನಿ. ನೀನ್ ಬ್ರೇಕ್ ಮುಟ್ಟಿದ್ರೆ ನೀನ್ ಹಿಂದೆ ಕೂರ್ಬೇಕು, ನಾನ್ ಓಡಿಸ್ಬೇಕು. ಊರು ಉಳೀಬೇಕೋ ಬೇಡ್ವೋ?"