ಮೂರನೇ ಪದರದಲ್ಲಿ ಮಾವನ ನಿದ್ದೆ

ನಮ್ಮ ಸೋದರಮಾವನಷ್ಟು ಆಳವಾಗಿ ನಿದ್ದೆ ಮಾಡುವವರು ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಆಳವೆಂದರೆ ಬಾಯಿಮಾತಿನ ಆಳವಲ್ಲ. ಎರಡಾಳು ಆಳ, ಅಂದರೆ ಸಾವಿರಾರು ವರ್ಷದಷ್ಟು ಆಳ! ಮಧ್ಯಾಹ್ನ ಮುದ್ದೆ ಉಂಡು, ಟವಲು ಹೆಗಲಿಗೆ ಹಾಕಿಕೊಂಡು, ಏಣಿ ಇಳಿದು ಹೋಗಿ ಮಲಗುತ್ತಿದ್ದರು. ಮಲಗುವುದಕ್ಕೆ ಏಣಿ ಇಳಿಯುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆದದ್ದಿಷ್ಟು. ದೇವರಾಯಸಮುದ್ರದ ಹತ್ತಿರ ಮಾವನದೊಂದು ರಾಗಿ ಹೊಲ ಇದೆ. ಊರವರ ಬಾಯಲ್ಲಿ ಅದು ಹಾಳೂರು ದಿಬ್ಬ. ಉತ್ತರೆ ಮಣ್ಣಿಗಿಂತ ಮಡಕೆಚೂರೇ ಹೆಚ್ಚು ಏಳುತ್ತಿತ್ತು. ಅತ್ತೆ ತೀರಿಕೊಂಡ ಮರುವರ್ಷ ಉತ್ಖನನದವರು ಬಂದು ಕೇಳಿದರು, ಮಾವ ಹೂಂ ಅಂದರು. ದಾರ ಕಟ್ಟಿ, ಚೌಕ ಹಾಕಿ ಅಗೆದರೆ ಒಂದು ಊರಿನ ಕೆಳಗೆ ಇನ್ನೊಂದು ಊರು! ಮೇಲೆ ಇಟ್ಟಿಗೆ ಗೋಡೆಯವರು, ಅವರ ಕೆಳಗೆ ಕಪ್ಪು-ಕೆಂಪು ಮಡಕೆಯವರು, ತಳದಲ್ಲಿ ಕಲ್ಲುಕೊಡಲಿಯವರು. ಇಷ್ಟು ಜನಕ್ಕೆಲ್ಲ ನಮ್ಮ ಮಾವನೇ ಕಾವಲುಗಾರರು. ಕೆಲಸದವರು ಊಟಕ್ಕೆ ಹೋದಾಗ ಮಾವ ಗುಂಡಿಗಿಳಿದು, ಆ ತಂಪಿನಲ್ಲಿ ಕಣ್ಣು ಮುಚ್ಚಿ ಕಾಯುತ್ತಿದ್ದರು.

ಒಂದೊಂದು ಪದರದಲ್ಲಿ ಒಂದೊಂದು ಕನಸು. ನಾನು ಭಾನುವಾರ ಕೋಲಾರದಿಂದ ಹೋದಾಗೆಲ್ಲ ವರದಿ ಸಿದ್ಧವಿರುತ್ತಿತ್ತು.

"ಇವತ್ತು ಯಾರ್ ಬಂದಿದ್ರು ಮಾವ?"

"ಮಡಕೆಯೋರು ಕಣೇ. ಆವಾಗ ಕೆರೆ ಇರ್ಲಿಲ್ಲ. ಎಲ್ಲಿ ನೋಡಿದ್ರೂ ಹುಲ್ಲು, ಹುಲ್ಲಿನ ಮೇಲೆ ಬಿಸಿಲು. ಒಬ್ಳು ಹೆಂಗ್ಸು ಒಲೆ ಮುಂದೆ ಕೂತಿದ್ಳು. 'ಎಕ್ಕಡ ನುಂಚಿ ವಚ್ಚಾವ್ ನಾಯ್ನಾ' ಅಂದ್ಳು. ಎಲ್ಲಿಂದ ಬಂದೆ ಅಂತ."

"ಆ ಕಾಲದಲ್ಲೇ ತೆಲುಗಾ?"

ಮಾವ ಒಂದು ಗಳಿಗೆ ಯೋಚಿಸಿದರು. "ಆಂಧ್ರದ ಗಡಿ, ರಾಯಲ್ಪಾಡು ಕಡೆಯಿಂದ ತಂದ ಸೊಸೆ ಇರ್ಬೇಕು!"

ನಗಬೇಡಿ. ಅವರು ಹೇಳುವ ರೀತಿಗೆ ನನಗೂ ಆ ಒಲೆಯ ಹೊಗೆ ಮೂಗಿಗೆ ಬಡಿಯುತ್ತಿತ್ತು. ಒಂದು ದಿನ ನಾನೂ ಇಳಿದು ಅವರ ಪಕ್ಕ ಮಲಗಿದೆ. ಮೇಲೆ ಆಕಾಶ ಚೌಕವಾಗಿತ್ತು, ಅದರೊಳಗೆ ಒಂದು ಮೋಡ ನಿಧಾನವಾಗಿ ಹಾದುಹೋಯಿತು. ಯಾವ ಕಾಲದ ಮೋಡವೋ, ಯಾರಿಗೆ ಗೊತ್ತು? ಅರೆಗಣ್ಣಿನಲ್ಲಿಯೇ, "ನಿಮ್ಮ ಕನಸಲ್ಲಿ ಅತ್ತೆ ಬರ್ತಾರಾ ಮಾವ?" ಎಂದು ಕೇಳಿದೆ. "ಎಲ್ಲಾ ಬರ್ತಾರೆ. ಅವಳೊಬ್ಳು ಬರಲ್ಲ," ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಪದರದ ಹುಚ್ಚು ಮನೆಗೂ ಬಂತು. ನಿನ್ನೆಯ ಬಸ್ಸಾರಿಗೆ ಇವತ್ತಿನದನ್ನು ಬೆರೆಸಿ ಬಡಿಸಿದರೆ, ಸೌಟಿನಲ್ಲಿ ಕದಡಿ ನೋಡಿ, "ಇದು ಎರಡು ಕಾಲದ್ದು," ಎನ್ನುತ್ತಿದ್ದರು. ನನ್ನ ತಲೆಗೂದಲನ್ನೂ ಬಿಡಲಿಲ್ಲ! "ಮೇಲಿನ ಕಪ್ಪು ಈಚಿಂದು ಕಣೇ. ಬುಡದಲ್ಲಿ ನಿಜವಾದ ಕಾಲ ಕಾಣ್ತೈತೆ." ಆಮೇಲೆ ಬಣ್ಣ ಹಚ್ಚದೆ ಅವರೆದುರು ಕೂರುವ ಧೈರ್ಯ ನನಗೆ ಬರಲೇ ಇಲ್ಲ.

ಈ 'ಈಚಿಂದು' ಅನ್ನುವ ಮಾತನ್ನು ಅವರು ಕಲಿತದ್ದು ಉತ್ಖನನದ ಮೇಡಂ ಅವರಿಂದ. ಮೊದಲ ದಿನ ಹೊಲದ ಮೇಲ್ಮಣ್ಣನ್ನು ಕೆರೆಸಿ, "ಇದು ಈಚಿನದು, ಆಚೆ ಹಾಕಿ," ಅಂದಿದ್ದರು. ಹೊಂಗೆ ಮರದ ಕೆಳಗೆ ಆ ಮಣ್ಣಿನದೇ ಒಂದು ಗುಡ್ಡೆಯಾಯಿತು. ಅಲ್ಲಿಂದ ಶುರುವಾಯಿತು ನೋಡಿ ಮಾವನ ದೊಡ್ಡ ಹುಚ್ಚು. ಸಾವಿರಾರು ವರ್ಷದ ಮಣಿ, ಮಡಕೆ ಸಿಕ್ಕರೆ ಹಾಂ ಹೂಂ ಅಂದು ಸುಮ್ಮನಾಗುವವರು, ಬೇಡವೆಂದು ಎಸೆದ ಈ ಗುಡ್ಡೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ! ಯಾರೋ ಮನೆ ತಳಪಾಯಕ್ಕೆ ಮಣ್ಣು ಬೇಕೆಂದು ಟ್ರ್ಯಾಕ್ಟರ್ ತಂದರೆ, ಕೈ ಚಾಚಿ ಅಡ್ಡ ನಿಂತರು. ಸಂಜೆಯಾದರೆ ಜರಡಿ ಹಿಡಿದು ಅದನ್ನೇ ಸೋಸುತ್ತ ಕೂರುತ್ತಿದ್ದರು. ಮಾವನಿಗೆ ಬಂಗಾರದ ಕೊಪ್ಪರಿಗೆಯ ಸುಳಿವು ಸಿಕ್ಕಿದೆ ಎಂದು ಊರು ತೀರ್ಮಾನಿಸಿತು.

ಒಂದು ಸಂಜೆ, "ಸಿಕ್ತು! ಸಿಕ್ತು!" ಎಂದು ಕೂಗಿದರು. ನಾವೆಲ್ಲ ಓಡಿದೆವು. ಕೈಯಲ್ಲಿ ಪುಟ್ಟ ಕಲ್ಲಿನದೊಂದು ಮೂತಿ.

"ಯಾವ ಕಾಲದ್ದು ಮಾವ?"

"ನಾನು ಟ್ರ್ಯಾಕ್ಟರ್ ಹತ್ತಿಸಿ ಒಡೆದ ಕಾಲದ್ದು! ನಿಮ್ಮತ್ತೆ ಶಿವಾರಪಟ್ಟಣದಲ್ಲಿ ಕೆತ್ತಿಸಿ ತಂದು ಬದುವಿನ ಮೇಲೆ ಇಟ್ಟಿರ್ಲಿಲ್ವಾ, ಬಸವಣ್ಣ? ಅದರ ಮೂತಿ."

ಜನ ಬೈದುಕೊಂಡು ಹೋದರು. ಮಾವ ಅದನ್ನು ಟವಲಿನಲ್ಲಿ ಒರೆಸುತ್ತಲೇ ಇದ್ದರು.

ಕಡೆಗೆ ಉತ್ಖನನ ಮುಗಿಯಿತು, ಗುಂಡಿ ಮುಚ್ಚುವ ದಿನ ಬಂತು. ಜೇಸಿಬಿಯವನು ಹತ್ತಿರವಿದ್ದ ಹೊಂಗೆ ಮರದ ಗುಡ್ಡೆಗೇ ಮೊದಲು ಕೈ ಹಾಕಿದ. ಮಾವ ಹೋಗಿ ಅದರ ಮುಂದೆ ಕೂತೇಬಿಟ್ಟರು.

"ಇದು ಕೊನೇಗೆ! ಮೇಲೆ ಬರ್ಬೇಕು ಇದು."

"ಯಾವ ಮಣ್ಣಾದ್ರೇನಜ್ಜಾ, ಗುಂಡಿ ತುಂಬಿದ್ರೆ ಸಾಲ್ದಾ?" ಎಂದ ಅವನು.

ಮೇಡಂ ಬಂದು ಯಾಕೆಂದು ಕೇಳಿದರು. ಮಾವ ಟವಲಿನ ಗಂಟು ಬಿಚ್ಚಿದರು. ಒಳಗೆ ಹಸಿರು ಬಳೆಯ ಚೂರುಗಳು, ಒಂದು ಹಿಡಿಯಷ್ಟು.

"ಕಳೆ ಕೀಳ್ತಾ ಕೀಳ್ತಾ ಒಡ್ಕೊಂತಿದ್ಳು ಮೇಡಂ. ಹೊಲಕ್ಕೆ ಗಾಜಿನ ಬಳೆ ಹಾಕ್ಕೊಂಡು ಬರ್ಬೇಡ ಅಂದ್ರೆ ಕೇಳ್ತಿರ್ಲಿಲ್ಲ. ಈಚಿಂದು ಅಂತ ಆಚೆ ಹಾಕ್ಸಿದ್ರಲ್ಲ, ಅದು ಅವಳ ಪದರ. ಅವಳನ್ನ ತಳಕ್ಕೆ ಹಾಕ್ಬಿಟ್ರೆ, ಆಮೇಲೆ ನಾನು ಎಲ್ಲೀಂತ ಹುಡುಕ್ಲಿ?"

ಇಷ್ಟು ದಿನ ನಕ್ಕಿದ್ದ ನಾನು ಬಗ್ಗಿ, ಕೆಳಗೆ ಬಿದ್ದಿದ್ದ ಒಂದು ಚೂರನ್ನು ಎತ್ತಿ ಅವರ ಟವಲಿಗೆ ಹಾಕಿದೆ. ಮೇಡಂ ತಾವೇ ನಿಂತು ಉಳಿದ ಮಣ್ಣನ್ನೆಲ್ಲ ಮೊದಲು ಹಾಕಿಸಿ, ಆ ಗುಡ್ಡೆಯನ್ನು ಕೊನೆಯಲ್ಲಿ ಮೇಲೆ ಹರಡಿಸಿದರು. ಬಳೆಚೂರುಗಳನ್ನು ಮಾವ ತಮ್ಮ ಕೈಯಾರೆ ಎರಚಿದರು.

ಮುಂದಿನ ಭಾನುವಾರ ಹೋದಾಗ ಗುಂಡಿಯೂ ಇರಲಿಲ್ಲ, ಏಣಿಯೂ ಇರಲಿಲ್ಲ. ಹೊಂಗೆ ನೆರಳಿನಲ್ಲಿ, ಮೆತ್ತಗಿನ ಆ ಹೊಸ ಮಣ್ಣಿನ ಮೇಲೆ ಮಾವ ಟವಲು ಹಾಸಿ ಮಲಗಿದ್ದರು. ನನ್ನ ಸಪ್ಪಳಕ್ಕೆ ಎದ್ದು ಕೂತರು. ಕಣ್ಣು ಒದ್ದೆಯಾಗಿತ್ತು.

"ಬಂದಿದ್ಳು ಕಣೇ."

"ಯಾರು? ರಾಯಲ್ಪಾಡು ಸೊಸೆನಾ?"

"ನಿಮ್ಮತ್ತೆ."

"ಏನಂದ್ರು ಮಾವ?"

"ಬೈದ್ಳು. 'ನಾನು ಮೇಲೇ ಇದ್ನಲ್ಲ, ನೀವ್ಯಾಕೆ ಅಷ್ಟು ಕೆಳಕ್ಕೋಗಿ ಮಲಗ್ತಿದ್ರಿ?' ಅಂದ್ಳು."